ಬೇಕಲ ಕೋಟೆ ಹತ್ರ ಸಾಮಾನ್ಯರಿಗೂ ರೂಮ್ ಬೇಕು

ಮಾನ್ಯ ಸಂಪಾದಕರೇ,

ಕಾಸರಗೋಡಿನ ಬೇಕಲ ಕೋಟೆ ಕೆಳದಿ ಶಿವಪ್ಪ ನಾಯಕ ಸುಮಾರು 1650ರಲ್ಲಿ ಕಟ್ಟಿಸಿದ್ದು ಅಂತಾರೆ, ಆಮೇಲೆ ಹೈದರ್, ಟಿಪ್ಪು ಕೈಗೆ ಹೋಗಿ 1799ರ ನಂತರ ಬ್ರಿಟಿಷರ ಪಾಲಾಯ್ತು, 1956ರವರೆಗೂ ಆ ಊರು ದಕ್ಷಿಣ ಕನ್ನಡದಲ್ಲೇ ಇತ್ತು. ಹಾಗಾಗಿ ಕನ್ನಡದ ಮಕ್ಕಳು ಒಂದ್ಸಲ ನೋಡ್ಲೇಬೇಕಾದ ಜಾಗ ಇದು. ಆದ್ರೆ ಉಳ್ಕೊಳ್ಳೋದೆಲ್ಲಿ?

ಸುತ್ತಮುತ್ತ ಹೆಸರು ಮಾಡಿರೋದೆಲ್ಲ ದೊಡ್ಡ ದೊಡ್ಡ ಐಷಾರಾಮಿ ರೆಸಾರ್ಟ್‌ಗಳು, ಅವು ಬರ್ಲಿ ಬೇಡ ಅನ್ನಲ್ಲ, ಆದ್ರೆ ಮಧ್ಯಮ ವರ್ಗದ ಫ್ಯಾಮಿಲಿ, ಶಾಲಾ ಟೂರ್‌ನವರು ಅಲ್ಲಿ ಕಾಲಿಡೋಕಾಗುತ್ತಾ, ಅವ್ರು ಕಾಞಂಗಾಡಿಗೋ ಕಾಸರಗೋಡು ಪೇಟೆಗೋ ಹೋಗಿ ಲಾಡ್ಜ್ ಹಿಡೀಬೇಕು, ಮತ್ತೆ ಬೆಳಿಗ್ಗೆ ಬಸ್ಸು ಹತ್ತಿ ಬರ್ಬೇಕು. ಸುಮಾರು 40 ಎಕರೆ ಕೋಟೆ, ವೀಕ್ಷಣಾ ಗೋಪುರ, ಸಮುದ್ರದ ಕಡೆಯ ಬುರುಜುಗಳು, ಇದನ್ನೆಲ್ಲ ಬಿಸಿಲಲ್ಲಿ ಓಡ್ಕೊಂಡು ನೋಡೋದಲ್ಲ, ಬೆಳಗಿನ ತಂಪಲ್ಲಿ ನಿಧಾನಕ್ಕೆ ನಡೀಬೇಕು, ಅದಕ್ಕೆ ಹತ್ರದಲ್ಲೇ ಉಳಿಯೋದು ಮುಖ್ಯ.

ಬೇಕಲದ ಪ್ರವಾಸೋದ್ಯಮಕ್ಕೆ ಅಂತಾನೇ 1995ರಲ್ಲಿ ಕೇರಳ ಸರ್ಕಾರ ಒಂದು ನಿಗಮ ಮಾಡಿದೆ. ಅವ್ರು ಡಾರ್ಮಿಟರಿ ಇರೋ ಒಂದು ಯಾತ್ರಿ ನಿವಾಸ ಕಟ್ಟಿ, ಸ್ಥಳೀಯರ ಹೋಮ್‌ಸ್ಟೇಗಳಿಗೂ ಲೈಸೆನ್ಸ್, ಸಾಲ ಸುಲಭ ಮಾಡಿದ್ರೆ ಊರಿನವರಿಗೂ ನಾಲ್ಕು ಕಾಸು ಸಿಗುತ್ತೆ. ಬೋರ್ಡುಗಳಲ್ಲಿ ಮಲಯಾಳಂ ಜೊತೆ ಕನ್ನಡನೂ ಇರ್ಲಿ. ಹಾಗೇ ಬೇಕಲ ಫೋರ್ಟ್ ಸ್ಟೇಷನ್‌ನಲ್ಲಿ ಇನ್ನಷ್ಟು ರೈಲು ನಿಲ್ಲಿಸಿ ಅಂತ ರೈಲ್ವೆಯವರನ್ನೂ ಕೇಳ್ಕೋತೀನಿ.

- ಒಬ್ಬ ಓದುಗ, ಮಂಗಳೂರು