ಮುಗಿಸಲು ಬಿಡದ ವಾಕ್ಯ: ಒಂದು ಮನರಂಜನಾ ವಾಹಿನಿಗೆ ದೂರು ಪತ್ರ

ಗೆ,
ವೀಕ್ಷಕರ ದೂರು ಅಧಿಕಾರಿಗಳು

ವಿಷಯ: ಉಗ್ಗುವವರನ್ನು ಗೇಲಿ ಮಾಡುವ ಪ್ರಹಸನ ಮತ್ತು ಜಾಹೀರಾತು, ನನ್ನ ದೂರಿಗೆ ಉತ್ತರ ಕೊಡದಿರುವುದು, ದೂರವಾಣಿಯಲ್ಲಿ ನಡೆದ ಅವಮಾನ

ಮಾನ್ಯರೇ,

ನಾನು ಇಮೇಲ್ ಕಳುಹಿಸಿ ಇಂದಿಗೆ 22 ದಿನಗಳಾದವು. ದೂರು ತಲುಪಿದೆ ಎಂದು 24 ಗಂಟೆಯೊಳಗೆ ತಿಳಿಸಬೇಕು, 15 ದಿನಗಳೊಳಗೆ ತೀರ್ಮಾನ ಹೇಳಬೇಕು ಎಂಬುದು 2021ರಲ್ಲಿ ತಿದ್ದುಪಡಿಯಾದ ಕೇಬಲ್ ಟೆಲಿವಿಷನ್ ನಿಯಮಗಳಲ್ಲಿದೆ. ಇದು ನಿಮಗೆ ಗೊತ್ತಿರುವ ನಿಯಮ, ನಾನು ಹೇಳಿಕೊಡಬೇಕಾಗಿಲ್ಲ. ನಿಮ್ಮಿಂದ ಒಂದು ಸಾಲಿನ ಉತ್ತರವೂ ಬಂದಿಲ್ಲ.

ಭಾನುವಾರ ರಾತ್ರಿಯ ನಿಮ್ಮ ಹಾಸ್ಯ ಕಾರ್ಯಕ್ರಮದಲ್ಲಿ ಉಗ್ಗುವ ಮದುಮಗನ ಪಾತ್ರವಿತ್ತು. ಅದರ ನಡುವೆ, ಈಗಲೂ ದಿನಕ್ಕೆ ಹಲವು ಬಾರಿ, ಒಂದು ಮೊಬೈಲ್ ರೀಚಾರ್ಜ್ ಜಾಹೀರಾತು ಬರುತ್ತದೆ. ಅಂಗಡಿಗೆ ಬಂದವನು ಉಗ್ಗುತ್ತಾನೆ. ಅಂಗಡಿಯವನು ‘ನೆಟ್‌ವರ್ಕ್ ಸಿಗುತ್ತಿಲ್ಲವೇನೋ’ ಎಂದು ಅವನ ಬೆನ್ನು ತಟ್ಟುತ್ತಾನೆ. ಹೊಸ ಪ್ಯಾಕ್ ಹಾಕಿದ ಕೂಡಲೇ ಅವನ ಮಾತು ಪಟಪಟನೆ ಹೊರಡುತ್ತದೆ.

ನನಗೆ 44 ವರ್ಷ. ಮಾತು ಬಂದಾಗಿನಿಂದ ಉಗ್ಗು ಇದೆ. ಈ ನಗು ಹೇಗೆ ಹುಟ್ಟುತ್ತದೆ ಎಂಬುದನ್ನು ಅಷ್ಟು ವರ್ಷಗಳಿಂದ ಅದರ ಎದುರಿಗೇ ನಿಂತು ನೋಡಿದ್ದೇನೆ. ನಿಮ್ಮ ಪ್ರಹಸನದಲ್ಲಿ ಮದುಮಗ ಮೊದಲ ಅಕ್ಷರದಲ್ಲೇ ಸಿಕ್ಕಿಕೊಳ್ಳುತ್ತಾನೆ. ಮಾವ ಆ ಅಕ್ಷರದಿಂದ ಹುಟ್ಟಬಹುದಾದ ಅಶ್ಲೀಲ ಪದವೊಂದನ್ನು ತಾನೇ ತುಂಬುತ್ತಾನೆ. ತಕ್ಷಣ ನಗುವಿನ ಧ್ವನಿಮುದ್ರಿಕೆ. ಮದುಮಗ ಹೇಳಲು ಬಂದದ್ದೇನು ಎಂದು ಯಾರೂ ಕೇಳುವುದಿಲ್ಲ. ನಾನು ಎರಡು ಬಾರಿ ನೋಡಿ ಲೆಕ್ಕ ಹಾಕಿದ್ದೇನೆ: ಇಡೀ ಪ್ರಹಸನದಲ್ಲಿ ಅವನಿಗೆ ಒಂದೇ ಒಂದು ವಾಕ್ಯವನ್ನು ಮುಗಿಸಲು ಬಿಟ್ಟಿಲ್ಲ. ಅವನಿಗೊಂದು ಕೆಲಸವಿಲ್ಲ, ಆಸೆಯಿಲ್ಲ, ಸಿಟ್ಟೂ ಇಲ್ಲ. ಉಗ್ಗನ್ನು ತೆಗೆದರೆ ಆ ಪಾತ್ರದಲ್ಲಿ ಏನೂ ಉಳಿಯುವುದಿಲ್ಲ.

ಜಾಹೀರಾತಿನ ವಿಷಯ ಇನ್ನೂ ಕೆಟ್ಟದ್ದು. 20 ಸೆಕೆಂಡಿನಲ್ಲಿ ಒಬ್ಬ ಮನುಷ್ಯನನ್ನು ಪರಿಚಯಿಸಲು ಹೊತ್ತು ಸಾಲದು. ಆದ್ದರಿಂದ ನೋಡುವವರ ತಲೆಯಲ್ಲಿ ಮೊದಲೇ ಕೂತಿರುವ ಅಚ್ಚುಗಳನ್ನು ಎತ್ತಿಕೊಳ್ಳುತ್ತಾರೆ: ಉಗ್ಗುವವನು, ದಪ್ಪಗಿರುವ ಹೆಂಡತಿ, ಕಿವಿ ಕೇಳದ ಅಜ್ಜ, ಗೇಟಿನಲ್ಲಿ ನಿಂತ ಉತ್ತರ ಕರ್ನಾಟಕದ ಕಾವಲುಗಾರ. ಪ್ರಹಸನ ಒಂದು ರಾತ್ರಿಗೆ ಮುಗಿಯುತ್ತದೆ. ಜಾಹೀರಾತು ಮಕ್ಕಳಿಗೆ ಬಾಯಿಪಾಠವಾಗುವವರೆಗೆ ಬರುತ್ತಲೇ ಇರುತ್ತದೆ.

ಬಾಯಿಪಾಠವಾಗಿದೆ. ನನ್ನ ಮಗನಿಗೆ ಒಂಬತ್ತು ವರ್ಷ, ಅವನಿಗೂ ಉಗ್ಗು ಇದೆ. ತರಗತಿಯಲ್ಲಿ ಅವನು ಬಾಯಿ ತೆರೆದರೆ ಹಿಂದಿನ ಬೆಂಚಿನಿಂದ ‘ನೆಟ್‌ವರ್ಕ್’ ಎಂಬ ಕೂಗು ಬರುತ್ತದೆಯಂತೆ. ಹಾಜರಿ ಕರೆದಾಗ ಈಗ ಅವನು ಮಾತನಾಡುವುದಿಲ್ಲ, ಕೈ ಎತ್ತುತ್ತಾನೆ. ಇದನ್ನು ಅವನು ನನಗೆ ಹೇಳಲಿಲ್ಲ, ಅವನ ಶಿಕ್ಷಕಿ ಹೇಳಿದರು.

ಅಂದು ಸಂಜೆಯೇ ನಿಮಗೆ ಕರೆ ಮಾಡಿದೆ. ಮೊದಲ ಎರಡು ಕರೆಗಳ ವಿಷಯ ಬಿಡುತ್ತೇನೆ. ಮೂರನೆಯದನ್ನು ಬಿಡಲಾರೆ.

ನಿಮ್ಮ ಸಹಾಯವಾಣಿಯ ಯುವಕ ಹೆಸರು ಕೇಳಿದ. ಉಗ್ಗುವ ಹಲವರಿಗೆ ತಮ್ಮ ಹೆಸರೇ ಎಲ್ಲಕ್ಕಿಂತ ಕಷ್ಟ. ಬೇರೆ ಪದಕ್ಕೆ ಸಮಾನಾರ್ಥಕ ಹುಡುಕಬಹುದು, ಹೆಸರಿಗೆ ಹುಡುಕಲಾಗದು. ನನ್ನ ಹೆಸರು ‘ಪ’ಕಾರದಿಂದ ಆರಂಭವಾಗುತ್ತದೆ. ತುಟಿ ಮುಚ್ಚಿತು, ತೆರೆಯಲಿಲ್ಲ. ನಿಮ್ಮ ನಟ ‘ಪ ಪ ಪ’ ಎಂದು ತಾಳ ಹಾಕಿದಂತೆ ಹೇಳುತ್ತಾನಲ್ಲ, ನನಗೆ ಆಗುವುದು ಹಾಗಲ್ಲ. ಸದ್ದೇ ಇರುವುದಿಲ್ಲ. ದವಡೆ ಬಿಗಿಯುತ್ತದೆ, ಉಸಿರು ನಿಲ್ಲುತ್ತದೆ. ಆತ ‘ಹಲೋ, ಹಲೋ’ ಎಂದ. ‘ಸರ್, ನೆಟ್‌ವರ್ಕ್ ಸರಿಯಿಲ್ಲ’ ಎಂದ. ಅವನಿಗೆ ಗೊತ್ತಿರಲಿಲ್ಲ, ಅದನ್ನು ಕ್ಷಮಿಸಿದ್ದೇನೆ. ಹೆಸರು ಹೇಳಿ ಮುಗಿಸಿದೆ. ನನಗೆ ಉಗ್ಗು ಇದೆ, ಸ್ವಲ್ಪ ಸಮಯ ಕೊಡಿ ಎಂದೆ. ಯಾವ ಜಾಹೀರಾತಿನ ಬಗ್ಗೆ ದೂರು ಎಂದೂ ಹೇಳಿದೆ. ಆತ ಎರಡು ಬಾರಿ ನನ್ನ ವಾಕ್ಯವನ್ನು ತಾನೇ ಮುಗಿಸಿದ, ಎರಡು ಬಾರಿಯೂ ತಪ್ಪಾಗಿ. ಆಮೇಲೆ ಪಕ್ಕದವರಿಗೆ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು: ‘ಆ ರೀಚಾರ್ಜ್‌ನವರೇ ಲೈನಿನಲ್ಲಿದ್ದಾರೆ.’ ಇಬ್ಬರು ನಕ್ಕರು. ನಾನು ‘ದಯವಿಟ್ಟು’ ಎನ್ನುತ್ತಿದ್ದೆ. ‘ದ’ದಲ್ಲಿರುವಾಗಲೇ ಕರೆ ಕಡಿಯಿತು. ಪಕ್ಕದ ಕೋಣೆಯಲ್ಲಿ ಮಗ ಓದುತ್ತಾ ಕುಳಿತಿದ್ದ. ಪುಟ ತಿರುಗಿಸುವ ಸದ್ದು ನಿಂತುಹೋಗಿತ್ತು.

ನಾನು ನಗುವಿಗೆ ವಿರೋಧಿಯಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಚಿಕಿತ್ಸೆಗೆ ಹೋಗುತ್ತಿದ್ದಾಗ ಉಗ್ಗುವವರೇ ಕೂತು ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೇವೆ. ಒಬ್ಬರು ಬೆಂಗಳೂರಿನಿಂದ ಹೊರಟ ಬಸ್ಸಿನಲ್ಲಿ ‘ಬಿಡದಿ’ ಎನ್ನಲಾಗದೆ, ಸಲೀಸಾಗಿ ಬಾಯಿಗೆ ಬಂದ, ಅದಕ್ಕೂ ಮುಂದಿನ ರಾಮನಗರಕ್ಕೆ ದುಡ್ಡು ಕೊಟ್ಟು ಬಿಡದಿಯಲ್ಲೇ ಇಳಿಯುತ್ತಿದ್ದರಂತೆ. ಆ ಕಥೆಯಲ್ಲಿ ಅವರ ಉಪಾಯವಿದೆ, ಪೇಚಾಟವಿದೆ, ಕೊನೆಯ ಮಾತೂ ಅವರದೇ. 2024ರ ಜುಲೈ 8ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಗುರುತಿಸಿದ್ದು ಇದೇ ವ್ಯತ್ಯಾಸವನ್ನು: ಅಂಗವೈಕಲ್ಯವನ್ನು ಅರ್ಥ ಮಾಡಿಸುವ ಹಾಸ್ಯ ಬೇರೆ, ಅಂಗವಿಕಲರನ್ನು ಕುಗ್ಗಿಸುವ ಹಾಸ್ಯ ಬೇರೆ. ಉಗ್ಗು ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಬರುತ್ತದೆಯೇ ಎಂದು ನಿಮ್ಮ ಕಾನೂನು ವಿಭಾಗ ವಾದಿಸಬಹುದು. ಆ ವಾದವನ್ನು ಹಾಜರಿಗೆ ಕೈ ಎತ್ತುವ ಮಗುವಿನ ಮುಂದೆ ನಿಂತು ಮಾಡಲಿ.

ಜಾಹೀರಾತು ಬೇರೆ ಕಂಪನಿಯದು, ನಮ್ಮದಲ್ಲ ಎಂದು ನಿಮ್ಮವರು ಎರಡನೆಯ ಕರೆಯಲ್ಲಿ ಹೇಳಿದರು. ಜಾಹೀರಾತು ಗುಣಮಟ್ಟ ಮಂಡಳಿಯ ಸಂಹಿತೆಯನ್ನು ಮೀರುವ ಜಾಹೀರಾತನ್ನು ಪ್ರಸಾರ ಮಾಡಬಾರದು ಎಂಬುದು ಅದೇ ಕೇಬಲ್ ಟೆಲಿವಿಷನ್ ನಿಯಮಗಳ ನಿಯಮ 7ರಲ್ಲೇ ಇದೆ. ಹಣ ನಿಮ್ಮದಾದ ಮೇಲೆ ಹೊಣೆಯೂ ನಿಮ್ಮದೇ.

ಜಾಹೀರಾತು ನಿಲ್ಲಬೇಕು. ಪ್ರಹಸನವನ್ನು ನಿಮ್ಮ ಆ್ಯಪ್‌ನಿಂದ ತೆಗೆಯಬೇಕು. ಲಿಖಿತ ಕ್ಷಮಾಪಣೆ ಬರಬೇಕು, ನನಗಲ್ಲ, ನನ್ನ ಮಗನ ಹೆಸರಿಗೆ. ಇದಕ್ಕೆ ಏಳು ದಿನ ಕೊಟ್ಟಿದ್ದೇನೆ.

ಎಂಟನೆಯ ದಿನ ಈ ಪತ್ರ ನಿಮ್ಮ ಸ್ವನಿಯಂತ್ರಣ ಮಂಡಳಿಗೆ, ಜಾಹೀರಾತು ಗುಣಮಟ್ಟ ಮಂಡಳಿಗೆ, ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೆ, ಆ ರೀಚಾರ್ಜ್ ಕಂಪನಿಯ ನಿರ್ದೇಶಕರಿಗೆ ಹೋಗುತ್ತದೆ. ಮೂರನೆಯ ಕರೆಯ ಧ್ವನಿಮುದ್ರಣವನ್ನೂ ಜೊತೆಗಿಡುತ್ತೇನೆ, ಅದು ನನ್ನ ಮೊಬೈಲಿನಲ್ಲಿದೆ. ವಿಚಾರಣೆಗೆ ಕರೆದರೆ ವಕೀಲರನ್ನು ಕಳುಹಿಸುವುದಿಲ್ಲ, ನಾನೇ ಬಂದು ಮಾತನಾಡುತ್ತೇನೆ. ನನ್ನ ಹೆಸರಿನಿಂದಲೇ ಆರಂಭಿಸುತ್ತೇನೆ. ಎಷ್ಟು ಹೊತ್ತು ಹಿಡಿದರೂ ನಿಮ್ಮವರು ಎದುರಿಗೆ ಕೂತು ಕೇಳಬೇಕಾಗುತ್ತದೆ, ಅಲ್ಲಿ ಕರೆ ಕಡಿಯಲು ಗುಂಡಿ ಇರುವುದಿಲ್ಲ.

ಇಂತಿ,
ನಿಮ್ಮ ಚಂದಾದಾರ, ಒಬ್ಬ ತಂದೆ