ಶಾಲೆಯ ಡ್ರಿಲ್ ಬಗ್ಗೆ ಪೋಷಕರ ಗಮನಕ್ಕೆ
ಎಲ್ಲರಿಗೂ ನಮಸ್ಕಾರ. ನ್ಯೂಜೆರ್ಸಿಗೆ ಬಂದು ಹೊಸದಾಗಿ ಮಕ್ಕಳನ್ನು ಶಾಲೆಗೆ ಸೇರಿಸಿದವರು ದಯವಿಟ್ಟು ಓದಿ. ಇಲ್ಲಿನ ಕಾನೂನಿನ ಪ್ರಕಾರ ಶಾಲೆಗಳು ತಿಂಗಳಿಗೊಂದು ಬೆಂಕಿ ಡ್ರಿಲ್, ಒಂದು ಭದ್ರತಾ ಡ್ರಿಲ್ ಮಾಡಲೇಬೇಕು. ಡ್ರಿಲ್ ಅಂದರೆ ಇಲ್ಲಿ ವ್ಯಾಯಾಮವಲ್ಲ, ಅಪಾಯ ಬಂದರೆ ಏನು ಮಾಡಬೇಕು ಅನ್ನೋದರ ಅಭ್ಯಾಸ. ಭದ್ರತಾ ಡ್ರಿಲ್‌ಗಳಲ್ಲಿ ಒಂದು ಲಾಕ್‌ಡೌನ್ ಡ್ರಿಲ್, ಅಂದರೆ ಬಂದೂಕುಧಾರಿಯಂಥವರು ಶಾಲೆಗೆ ನುಗ್ಗಿದರೆ ಏನು ಮಾಡಬೇಕು ಅನ್ನೋ ಅಭ್ಯಾಸ. ಆಗ ಸಾಮಾನ್ಯವಾಗಿ ಬಾಗಿಲು ಹಾಕಿ, ಲೈಟ್ ಆರಿಸಿ, ಮಕ್ಕಳನ್ನು ಮೂಲೆಯಲ್ಲಿ ಸದ್ದಿಲ್ಲದೆ ಕೂರಿಸುತ್ತಾರೆ. ಪುಟ್ಟವರು ಹೆದರಿಕೊಂಡು ಮನೆಗೆ ಬರೋದು ಸಹಜ, ಅಲ್ವಾ?

ಅದಕ್ಕೇ 2022ರಲ್ಲಿ ಹೊಸ ನಿಯಮಗಳು ಬಂದವು. ಗಾಯಗೊಂಡವರ ಹಾಗೆ ನಟಿಸಲು ಮಕ್ಕಳಿಗೆ ಹೇಳುವಂತಿಲ್ಲ. ಡ್ರಿಲ್ ಮುಗಿದಾಗ ಇದು ಬರೀ ಅಭ್ಯಾಸ, ಈಗ ಅಪಾಯವಿಲ್ಲ ಎಂದು ಅವರ ವಯಸ್ಸಿಗೆ ತಕ್ಕ ಮಾತಿನಲ್ಲಿ ತಿಳಿಸಬೇಕು. ಅವತ್ತೇ ಶಾಲೆ ಬಿಡುವಷ್ಟರಲ್ಲಿ ಪೋಷಕರಿಗೂ ಬರೆದು ತಿಳಿಸಬೇಕು. ನನಗಂತೂ ಇದೇ ಎಲ್ಲಕ್ಕಿಂತ ಮುಖ್ಯ. ಗೊತ್ತಿದ್ದರೆ ತಾನೇ ರಾತ್ರಿ ಮಗು ಜೊತೆ ಕೂತು ಮಾತಾಡೋದು?

ಇಮೇಲ್ ಸ್ಪ್ಯಾಮ್‌ನಲ್ಲಿದೆಯಾ ನೋಡಿ. ಬಂದೇ ಇಲ್ಲದಿದ್ದರೆ ಪ್ರಿನ್ಸಿಪಾಲರನ್ನು ಕೇಳಿ, ಸಂಕೋಚ ಬೇಡ.