ನಮ್ಮ ಜಿಲ್ಲೆಯ ಫೈಲು ನಮ್ಮ ಜಿಲ್ಲೆಯಲ್ಲೇ ಮುಗಿಯಲಿ: ಕೈಗಾರಿಕಾ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕೈಗಾರಿಕಾ ಸಚಿವರಿಗೆ,

ನಮಸ್ಕಾರ. ನಾನು ಮಂಡ್ಯ ಜಿಲ್ಲೆಯವನು. ತೂಬಿನಕೆರೆ ಕೈಗಾರಿಕಾ ಪ್ರದೇಶದಲ್ಲಿ, ಬಾಡಿಗೆ ಶೆಡ್ಡಿನಲ್ಲಿ, ಒಂದು ಸಣ್ಣ ಮಷೀನ್ ಶಾಪ್ ನಡೆಸುತ್ತಿದ್ದೇನೆ. ಕಂಪ್ಯೂಟರ್ ಹೇಳಿದ ಹಾಗೆ ಲೋಹ ಕಡೆಯುವ ಮಷೀನು ಮೂರು, ಎರಡು ಸಿಎನ್‌ಸಿ, ಒಂದು ವಿಎಂಸಿ. ಜೊತೆಗೆ ಒಂದು ಹಳೇ ಲೇತು. ದೊಡ್ಡ ಕಂಪನಿಗಳಿಗೆ ಜಾಬ್ ವರ್ಕ್ ಮಾಡಿಕೊಡುತ್ತೇನೆ. ಹುಡುಗನಾಗಿದ್ದಾಗ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಕಲಿತೆ. ಊರಲ್ಲೇ ಏನಾದರೂ ಮಾಡಬೇಕು ಅಂತ ವಾಪಸ್ ಬಂದೆ. ಇಷ್ಟು ವರ್ಷ ಯಾವ ಮಂತ್ರಿಗೂ ಪತ್ರ ಬರೆದವನಲ್ಲ. ಈಗ ತಾಳ್ಮೆ ಮುಗಿದಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ನಮ್ಮ ಜಿಲ್ಲೆಯ ಸಣ್ಣ ಉದ್ಯಮಗಳ ಫೈಲು ನಮ್ಮ ಜಿಲ್ಲೆಯಲ್ಲೇ ಮುಗಿಯಬೇಕು. ಕೊನೇ ಸಹಿ ಇಲ್ಲೇ ಬೀಳಬೇಕು. ಯಾವ ಸಣ್ಣ ಕಾರಣಕ್ಕೂ ಅದು ಬೆಂಗಳೂರಿಗೆ ಹೋಗಬಾರದು.

ಬೆಂಗಳೂರು ಬಿಟ್ಟು ಹೊರಗೆ ಬನ್ನಿ ಅಂತ ಸರ್ಕಾರ ಎಲ್ಲರನ್ನೂ ಕರೆಯುತ್ತಿದೆ. ‘ಬಿಯಾಂಡ್ ಬೆಂಗಳೂರು’ ಅಂತ ಹೆಸರಿಟ್ಟು ಮೈಸೂರು, ಮಂಗಳೂರು, ಹುಬ್ಬಳ್ಳಿಯಲ್ಲಿ ಸಮಾವೇಶ ಮಾಡಿದ್ದೀರಿ. ಬೆಂಗಳೂರು ನಗರ, ಗ್ರಾಮಾಂತರ ಜಿಲ್ಲೆ ಬಿಟ್ಟು ಬೇರೆ ಕಡೆ ಕಾರ್ಖಾನೆ ಹಾಕಿದರೆ ಜಾಸ್ತಿ ರಿಯಾಯಿತಿ ಅಂತ ಕೈಗಾರಿಕಾ ನೀತಿಯಲ್ಲೂ ಬರೆದಿದ್ದೀರಿ. ಒಳ್ಳೇದು. ಆದರೆ ಉದ್ಯಮಿಗಳು ಬೆಂಗಳೂರು ಬಿಡಬೇಕು ಅನ್ನುವ ಸರ್ಕಾರ ತಾನು ಮಾತ್ರ ಬೆಂಗಳೂರು ಬಿಟ್ಟು ಬಂದಿಲ್ಲ. ನನ್ನ ಕಷ್ಟಕ್ಕೆಲ್ಲ ಮೂಲ ಅದೇ.

ನನಗೆ ಏನಾಯಿತು ಅಂತ ಹೇಳುತ್ತೇನೆ. ಬಾಡಿಗೆ ಶೆಡ್ಡು ಸಾಲದಾಯಿತು, ಸ್ವಂತ ಜಾಗ ಬೇಕು ಅಂತ ಅರ್ಜಿ ಹಾಕಿದೆ. 2002ರ ಕೈಗಾರಿಕಾ ಸೌಲಭ್ಯ ಕಾಯ್ದೆ ಪ್ರಕಾರ 15 ಕೋಟಿ ರೂಪಾಯಿವರೆಗಿನ ಯೋಜನೆಗೆ ಜಿಲ್ಲಾ ಮಟ್ಟದ ಏಕಗವಾಕ್ಷಿ ಸಮಿತಿ, ಅಂದರೆ ಒಂದೇ ಕಡೆ ಒಪ್ಪಿಗೆ ಕೊಡುವ ಸಮಿತಿಯೇ ಸಾಕು, ನಿಮಗೆ ಗೊತ್ತಿರುವ ವಿಷಯ. ನನ್ನದು ಅದರ ಹತ್ತಿರಕ್ಕೂ ಬರದ ಯೋಜನೆ. ಜಿಲ್ಲೆಯಲ್ಲಿ ಒಪ್ಪಿಗೆ ಸಿಕ್ಕಿತು. ಎಂಜಿನಿಯರ್ ಒಬ್ಬರು ಬಿಸಿಲಲ್ಲಿ ಜಾಗ ಸುತ್ತಿ, ಟೇಪು ಹಿಡಿದು ಅಳೆದು, ವರದಿ ಬರೆದರು. ಬ್ಯಾಂಕಿನವರು ಸಾಲ ಮಂಜೂರು ಮಾಡಿದರು. ಹೆಂಡತಿಯ ಒಡವೆ ಅಡ ಇಟ್ಟು ಹೊಸ ಮಷೀನಿಗೆ ಅಡ್ವಾನ್ಸ್ ಕೊಟ್ಟೆ. ಆಮೇಲೆ ಫೈಲು ಬೆಂಗಳೂರಿನ ಒಂದು ಕಚೇರಿಗೆ ಹೋಯಿತು. ಹೋಗಿದ್ದು ಹೋಯಿತು, ಅಷ್ಟೇ.

ತಿಂಗಳುಗಟ್ಟಲೆ ಸದ್ದಿಲ್ಲ. ಫೋನ್ ಮಾಡಿದರೆ ‘ಪ್ರೋಸೆಸ್‌ನಲ್ಲಿದೆ’. ಕೊನೆಗೆ ಒಂದು ದಿನ ಅಸಲು ದಾಖಲೆ ತಗೊಂಡು ಬೆಳಿಗ್ಗೆ ಹತ್ತೂವರೆಗೆ ಬನ್ನಿ ಅಂದರು. ಶಾಪು ಮುಚ್ಚಿ, ಚಾಮುಂಡಿ ಎಕ್ಸ್‌ಪ್ರೆಸ್‌ನಲ್ಲಿ ನಿಂತುಕೊಂಡೇ ಹೋದೆ. ಅಧಿಕಾರಿ ಮೀಟಿಂಗ್‌ನಲ್ಲಿದ್ದಾರೆ ಅಂದರು. ಮಧ್ಯಾಹ್ನ ಆಯಿತು, ಊಟದ ಹೊತ್ತು ಕಳೆಯಿತು. ಸಂಜೆ ನಾಲ್ಕೂವರೆ ಮೇಲೆ ಒಳಗೆ ಕರೆದರು. ನನ್ನ ಫೈಲು ಮೇಜಿನ ಮೇಲಿತ್ತು. ನಕ್ಷೆಯಲ್ಲಿದ್ದ ಒಂದು ಗೆರೆಯ ಮೇಲೆ ಪೆನ್ಸಿಲ್‌ನಲ್ಲಿ ಸುತ್ತು ಹಾಕಿದ್ದರು.

‘ಏನ್ರೀ ಇದು, ಜಾಗದ ಮಧ್ಯೆ ರಸ್ತೆ ಹೋಗಿದೆ?’

‘ರಸ್ತೆ ಅಲ್ಲ ಸಾರ್. ಹೊಲಗಾಲುವೆ. ಜಾಗ ಕೈಗಾರಿಕೆಗೆ ಬಿಟ್ಟ ಮೇಲೆ ಅದರಲ್ಲಿ ನೀರು ಹರಿದಿಲ್ಲ.’

‘ಅದನ್ನ ನೀವು ಹೇಳಿದ್ರೆ ಆಗಲ್ಲ. ಮಂಡ್ಯದಿಂದ ವರದಿ ಬರಬೇಕು.’

‘ವರದಿ ಅದೇ ಫೈಲಲ್ಲಿದೆ ಸಾರ್. ಮುಂದಿನ ಹಾಳೆ ನೋಡಿ.’

ಅವರು ಹಾಳೆ ತಿರುಗಿಸಲಿಲ್ಲ. ‘ನೀವು ಮಂಡ್ಯದವರು ಬಾಳ ಮಾತಾಡ್ತೀರಪ್ಪ’ ಅಂದು ಫೈಲು ಮುಚ್ಚಿದರು. ನನ್ನ ಕೈಯಲ್ಲೇ ಕೊಡಿ, ನಾಳೆಯೇ ಸ್ಪಷ್ಟನೆ ಬರೆಸಿ ತರುತ್ತೇನೆ ಅಂತ ಕೈಮುಗಿದೆ. ಹಾಗೆಲ್ಲ ಕೊಡಲ್ಲ, ಟಪಾಲಿನಲ್ಲೇ ಹೋಗಬೇಕು ಅಂದರು. ಫೈಲು ಟಪಾಲಿನಲ್ಲಿ ಮಂಡ್ಯಕ್ಕೆ ಬಂತು. ಜಾಗ ಅಳೆದಿದ್ದ ಎಂಜಿನಿಯರ್ ತಲೆ ಚಚ್ಚಿಕೊಂಡರು. ‘ನೋಡಿ ಬರೆದಿದ್ದೀನಲ್ರೀ, ಇನ್ನೇನು ಬರೀಲಿ?’ ಅಂದರು. ಅದನ್ನೇ ಬೇರೆ ಹಾಳೆಯಲ್ಲಿ ಮತ್ತೆ ಬರೆದು ಕಳಿಸಿದರು. ಅಷ್ಟರಲ್ಲಿ ಬ್ಯಾಂಕಿನ ಮಂಜೂರಾತಿ ಪತ್ರದ ಅವಧಿ ಮುಗಿಯಿತು. ಮತ್ತೆ ಅರ್ಜಿ, ಮತ್ತೆ ಶುಲ್ಕ. ಮಷೀನಿನ ಅಡ್ವಾನ್ಸ್ ಸಿಕ್ಕಿಹಾಕಿಕೊಂಡಿದೆ. ಒಡವೆ ಇನ್ನೂ ಬಿಡಿಸಿಲ್ಲ. ಹಬ್ಬಕ್ಕೆ ನೆಂಟರು ಬಂದಾಗ ನನ್ನ ಹೆಂಡತಿ ಏನೂ ಹೇಳದೆ ಬರೀ ಕರಿಮಣಿ ಹಾಕಿಕೊಂಡು ಓಡಾಡುತ್ತಾಳೆ. ಸಚಿವರೇ, ಅದನ್ನು ನೋಡುವಾಗ ನನಗಾಗುವ ಸಂಕಟ ಯಾವ ಫೈಲಿನಲ್ಲೂ ಬರೆದಿಲ್ಲ.

ಆ ಅಧಿಕಾರಿ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಅವರು ತೂಬಿನಕೆರೆ ನೋಡಿಲ್ಲ. ನೋಡಿದವರಿಗೆ ಸಹಿ ಹಾಕುವ ಅಧಿಕಾರ ಇಲ್ಲ. ಸಹಿ ಹಾಕುವವರು ನೋಡಿಲ್ಲ. ವಿಶ್ವೇಶ್ವರಯ್ಯ ನಾಲೆ ಬಯಲಲ್ಲಿ ಹುಟ್ಟಿದ ಶಾಲೆ ಮಗು ಕೂಡ ಆ ಗೆರೆ ನೋಡಿ ಕಾಲುವೆ ಅಂತ ಹೇಳುತ್ತೆ. ಅದಕ್ಕೇ ಮತ್ತೆ ಹೇಳುತ್ತೇನೆ. ನಮ್ಮ ಜಿಲ್ಲೆಯ ಫೈಲು ನಮ್ಮ ಜಿಲ್ಲೆಯಲ್ಲೇ ಮುಗಿಯಲಿ.

ಇನ್ನು ಕೆಲಸದ ವಿಷಯ. ಒಂದು ಷಾಫ್ಟ್ ಮಾಡಬೇಕು ಅನ್ನಿ. ಟರ್ನಿಂಗ್ ನಾನು ಮಾಡುತ್ತೇನೆ. ಆಮೇಲೆ ಹಾರ್ಡನಿಂಗ್, ಅಂದರೆ ಕಾಯಿಸಿ ಗಟ್ಟಿ ಮಾಡುವ ಹೀಟ್ ಟ್ರೀಟ್‌ಮೆಂಟ್ ಆಗಬೇಕು. ಮೈಸೂರಲ್ಲಿ ಒಂದಿಷ್ಟು ಕೆಲಸ ಆಗುತ್ತೆ, ಎಲ್ಲವೂ ಆಗಲ್ಲ. ನನ್ನ ಗಿರಾಕಿ ಕೇಳುವ ಸರ್ಟಿಫಿಕೇಟ್ ಬೇಕು ಅಂದರೆ ಪೀಣ್ಯಕ್ಕೇ ಕಳಿಸಬೇಕು. ಟೆಂಪೋ ತುಂಬಲಿ ಅಂತ ಎರಡು ದಿನ ಕಾಯುತ್ತೇನೆ. ಅಲ್ಲಿ ಸರದಿ. ಮಾಲು ಬಂದ ಮೇಲೆ ಗ್ರೈಂಡಿಂಗ್ ಇಲ್ಲಿ. ಮೇಲೆ ಲೋಹದ ಲೇಪ ಕೊಡುವ ಪ್ಲೇಟಿಂಗ್‌ಗೆ ಮತ್ತೆ ಪೀಣ್ಯ. ಗಟ್ಟಿತನ ಕಮ್ಮಿ ಬಂದಿದೆ ಅಂತ ಗೊತ್ತಾಗೋದು ಮಾಲು ತೂಬಿನಕೆರೆಗೆ ವಾಪಸ್ ಬಂದ ಮೇಲೆ. ಮತ್ತೆ ಟೆಂಪೋ, ಮತ್ತೆ ಬಾಡಿಗೆ. ಇದೇ ಷಾಫ್ಟ್ ಪೀಣ್ಯದವನು ಮಾಡಿದರೆ ಪಕ್ಕದ ಬೀದಿಗೆ ಗೂಡ್ಸ್ ಆಟೋದಲ್ಲಿ ಕಳಿಸಿ ಸಂಜೆಗೆ ತರಿಸಿಕೊಳ್ಳುತ್ತಾನೆ. ನೀವು ಎಷ್ಟು ಸಬ್ಸಿಡಿ ಕೊಟ್ಟರೂ ಈ ಓಡಾಟ ಅದನ್ನು ನುಂಗಿಬಿಡುತ್ತೆ.

ಸಣ್ಣ ಉದ್ಯಮಗಳೆಲ್ಲ ಬೆಂಗಳೂರಿಗೇ ಯಾಕೆ ಅಂಟಿಕೊಳ್ಳುತ್ತವೆ ಅಂತ ಸಮಿತಿ ಮಾಡಿ ಹುಡುಕಬೇಕಾಗಿಲ್ಲ. ಇದೇ ಕಾರಣ. ಸಣ್ಣ ಉದ್ಯಮಗಳೆಲ್ಲ ಹಂಚಿಕೊಂಡು ಬಳಸುವ ಸಾಮಾನ್ಯ ಸೌಲಭ್ಯ ಕೇಂದ್ರಕ್ಕೆ ಕೇಂದ್ರ ಸರ್ಕಾರದ ಕ್ಲಸ್ಟರ್ ಯೋಜನೆಯಲ್ಲಿ ಹಣ ಸಿಗುತ್ತೆ, ನಿಮಗೆ ಗೊತ್ತು. ಹೀಟ್ ಟ್ರೀಟ್‌ಮೆಂಟ್, ಪ್ಲೇಟಿಂಗ್, ಟೆಸ್ಟಿಂಗ್ ಮೂರೂ ಇರುವ ಒಂದು ಕೇಂದ್ರ ತೂಬಿನಕೆರೆಯಲ್ಲೋ ಮದ್ದೂರಿನ ಸೋಮನಹಳ್ಳಿಯಲ್ಲೋ ಬರಲಿ. ಕೊಯಮತ್ತೂರು ನೋಡಿ. ಚೆನ್ನೈನಿಂದ ಸುಮಾರು 500 ಕಿ.ಮೀ. ದೂರ. ನಮ್ಮ ರೈತರ ಬೋರ್‌ವೆಲ್ ಒಳಗೆ ಇಳಿದಿರುವ ಎಷ್ಟೋ ಪಂಪು, ಮೋಟಾರು ಅಲ್ಲಿಂದ ಬಂದವು. ಫೌಂಡ್ರಿ, ಮಷೀನಿಂಗ್, ಟೆಸ್ಟಿಂಗ್ ಎಲ್ಲ ಒಂದೇ ಊರಲ್ಲಿ ಸಿಗುತ್ತೆ, ಅದಕ್ಕೇ ಆ ಊರು ರಾಜಧಾನಿಯ ಹಂಗಿಲ್ಲದೆ ಬೆಳೆಯಿತು.

ನಮ್ಮಲ್ಲೂ ಒಂದು ಕಾಲಕ್ಕೆ ಹೀಗೇ ಯೋಚಿಸಿದ್ದರು. ರೇಷ್ಮೆ ಕಾರ್ಖಾನೆ 1912ರಲ್ಲಿ ಮೈಸೂರಿಗೆ ಬಂತು. ಕಬ್ಬಿಣದ ಕಾರ್ಖಾನೆಯನ್ನು ಭದ್ರಾವತಿಯಲ್ಲಿ ಕಟ್ಟಿದರು. ಕೆಆರ್‌ಎಸ್ ನೀರು ನಾಲೆಯಲ್ಲಿ ಬಂತು, ಕಬ್ಬು ಬೆಳೆಯಿತು, 1933ರಲ್ಲಿ ಮೈಷುಗರ್ ಮಂಡ್ಯದಲ್ಲೇ ಶುರುವಾಯಿತು. ಆಗ ಮಂಡ್ಯ ಇನ್ನೂ ಜಿಲ್ಲೆ ಕೂಡ ಆಗಿರಲಿಲ್ಲ. ಜಿಲ್ಲೆ ಆಗಿದ್ದು 1939ರಲ್ಲಿ. ಊರಿಗೆ ಕಾರ್ಖಾನೆ ಮೊದಲು ಬಂತು, ಕಚೇರಿ ಆಮೇಲೆ ಬಂತು. ಈಗ ಅದೇ ಮೈಷುಗರ್ ನಿಂತು, ನಡೆದು, ಮತ್ತೆ ಕುಂಟುವುದನ್ನು ನಾವು ನೋಡುತ್ತಿದ್ದೇವೆ. ಮೈಸೂರಲ್ಲಿ ಕೆ.ಆರ್. ಮಿಲ್ ಹೋಯಿತು, ಜಾವಾ ಬೈಕ್ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ಟೂಲ್ ರೂಮ್‌ನಲ್ಲಿದ್ದ ಒಬ್ಬ ಹಿರಿಯರು ಮೈಕ್ರೋಮೀಟರ್ ಹಿಡಿಯುವುದನ್ನು ನನಗೆ ಕಲಿಸಿದ್ದು. ಅಂಥ ಕೈಗಳಿದ್ದ ಊರು ಇದು.

ರಸ್ತೆ ಮಾಡಿಕೊಟ್ಟಿಲ್ಲವಾ ಅಂತ ಕೇಳಬಹುದು. ಮಾಡಿದ್ದಾರೆ. ಬೆಂಗಳೂರು-ಮೈಸೂರು ನಡುವೆ 118 ಕಿ.ಮೀ. ದಶಪಥ, 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತು. ಬೆಂಗಳೂರಿಗೆ ಹೋಗುವುದು ಸಲೀಸಾಯಿತು. ಆದರೆ ಬೆಂಗಳೂರಿಂದ ಕೆಲಸ ಈ ಕಡೆ ಬರಲಿಲ್ಲ, ಈ ಕಡೆ ಹುಡುಗರು ಆ ಕಡೆ ಹೋದರು. ನನ್ನ ಹತ್ತಿರ ಪ್ರೋಗ್ರಾಮಿಂಗ್ ಕಲಿತ ಹುಡುಗ ಒಬ್ಬ, ಬಹಳ ಚುರುಕು, ಈಗ ಪೀಣ್ಯದಲ್ಲಿದ್ದಾನೆ. ಲಗ್ಗೆರೆಯಲ್ಲಿ ಮೂವರ ಜೊತೆ ಒಂದು ರೂಮು. ಜಾಸ್ತಿ ಸಿಗುವ ಸಂಬಳ ಬಾಡಿಗೆಗೂ ಊಟಕ್ಕೂ ಸರಿಹೋಗುತ್ತೆ ಅಣ್ಣ, ಆದ್ರೂ ಅಲ್ಲಿ ಕಂಪನಿ ಬಿಟ್ರೆ ಇನ್ನೊಂದು ಕಂಪನಿ ಇದೆ ಅಂದ. ಅವನ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ನಿಮ್ಮ ಹತ್ತಿರ ಇದೆಯಾ?

ಮಂಡ್ಯ ಬೆಂಗಳೂರಿಗೆ ಕೊಟ್ಟಿದ್ದನ್ನು ಎತ್ತಿ ಆಡಬಾರದು ಅಂದುಕೊಂಡಿದ್ದೆ. ಆಡಿಬಿಡುತ್ತೇನೆ. 1902ರಲ್ಲಿ ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿ ಬೆಳಗಿತು. ಇವತ್ತು ಬೆಂಗಳೂರು ಕುಡಿಯುವ ಕಾವೇರಿ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಪಂಪಾಗುತ್ತೆ. 2024ರಲ್ಲಿ ಐದನೇ ಹಂತ ಶುರುವಾದಾಗ ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ಸೇರಿತು. ಕುಡಿಯಲಿ, ಅಲ್ಲಿರುವವರೂ ನಮ್ಮ ಮಕ್ಕಳೇ. ಆದರೆ ನಮ್ಮ ನೀರು ದಿನಾ 100 ಕಿ.ಮೀ. ಹೋಗಿ ಮುಟ್ಟುತ್ತೆ, ನಿಮ್ಮ ಒಂದು ಸಹಿ ಅದೇ 100 ಕಿ.ಮೀ. ದಾಟಿ ಇಲ್ಲಿಗೆ ಬರಲ್ಲ ಅಂದರೆ ಹೇಗೆ ಸಹಿಸೋದು?

ನಮಗೇ ಇಷ್ಟು ಕಷ್ಟ ಇದ್ದರೆ ಬೀದರಿನವರ ಗತಿ ಏನು? ಅವರು ಸುಮಾರು 700 ಕಿ.ಮೀ. ರಾತ್ರಿಯಿಡೀ ರೈಲಿನಲ್ಲಿ ಬರಬೇಕು. ಹಾಳೆ ತಿರುಗಿಸದ ಮೇಜಿನ ಮುಂದೆ ಅವರೂ ನಿಲ್ಲಬೇಕು. ನಂಜುಂಡಪ್ಪ ಸಮಿತಿ 2002ರಲ್ಲೇ 114 ಹಿಂದುಳಿದ ತಾಲ್ಲೂಕುಗಳ ಪಟ್ಟಿ ಕೊಟ್ಟಿತು. ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಉತ್ತರ ಕರ್ನಾಟಕದ್ದು. ಅವರ ಪಾಲು ಕಿತ್ತು ನಮಗೆ ಕೊಡಿ ಅಂತ ನಾನು ಕೇಳುತ್ತಿಲ್ಲ. ಎಲ್ಲ ಸೇರಿಕೊಂಡಿರುವುದು ಬೆಂಗಳೂರಲ್ಲಿ. ರಾಜ್ಯದ ಆದಾಯದಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬೆಂಗಳೂರು ನಗರ ಜಿಲ್ಲೆ ಒಂದರಿಂದಲೇ ಬರುತ್ತೆ. ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧ ಕಟ್ಟಿ 2012ರಲ್ಲಿ ಉದ್ಘಾಟನೆ ಮಾಡಿದಿರಿ. ಅಧಿವೇಶನ ಮುಗಿದ ಮೇಲೆ ಅಲ್ಲಿ ಸಾಮಾನ್ಯ ಜನರ ಎಷ್ಟು ಫೈಲು ಮುಗಿಯುತ್ತೆ? ಕಟ್ಟಡ ಹೋದರೆ ಸಾಲದು. ಸಹಿ ಹೋಗಬೇಕು. ಮಾತೆತ್ತಿದರೆ ಹೊಸ ಕಾರಿಡಾರ್, ಹೊಸ ಹೆಸರು. ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರು ಬದಲಾಯಿಸಿದಿರಿ. ಈಗ ಮದ್ದೂರು ತಾಲ್ಲೂಕು ದಾಟಿದರೆ ಹೆಸರಿಗೆ ಬೆಂಗಳೂರೇ. ಬೆಂಗಳೂರು ನಮ್ಮ ಕಡೆಗೆ ಹಬ್ಬೋದು ನಮ್ಮ ಊರು ಬೆಳೆದ ಹಾಗೆ ಅಲ್ಲ, ಸ್ವಾಮಿ.

ಜಾಸ್ತಿ ಏನೂ ಕೇಳುತ್ತಿಲ್ಲ. ಜಿಲ್ಲಾ ಸಮಿತಿ ಒಪ್ಪಿದ ಯೋಜನೆಗೆ ಜಾಗದ ಹಂಚಿಕೆ, ನಕ್ಷೆ, ತಿದ್ದುಪಡಿ, ಎಲ್ಲದರ ಕೊನೇ ಸಹಿ ಜಿಲ್ಲೆಯಲ್ಲೇ ಆಗಲಿ. ಆಕ್ಷೇಪ ಇದ್ದರೆ ಆ ಅಧಿಕಾರಿಯೇ ಬಂದು ಜಾಗ ನೋಡಲಿ, ಟೀ ಕೊಟ್ಟು ನಾನೇ ಸುತ್ತಿಸಿ ತೋರಿಸುತ್ತೇನೆ. ಸೌಲಭ್ಯ ಕೇಂದ್ರಕ್ಕೆ ಒಂದು ಪ್ರಸ್ತಾವ ಈ ವರ್ಷವೇ ಕೇಂದ್ರ ಸರ್ಕಾರಕ್ಕೆ ಹೋಗಲಿ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಹೂಡಿಕೆದಾರರ ಸಮಾವೇಶವೂ ಬೇಕಿಲ್ಲ. ನಿಮ್ಮ ಒಂದು ಆದೇಶ ಸಾಕು.

ನನ್ನ ಅರ್ಜಿಯ ವಿವರವನ್ನು ನಿಮ್ಮ ಕಚೇರಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಬೇರೆ ಕಳಿಸಿದ್ದೇನೆ. ಆಗುತ್ತೆ ಅಥವಾ ಆಗಲ್ಲ, ಎರಡರಲ್ಲಿ ಒಂದನ್ನು ಲಿಖಿತವಾಗಿ ತಿಳಿಸಿ. ಆ ಉತ್ತರಕ್ಕೆ ಸಹಿಯನ್ನು ಮಂಡ್ಯದ ಕಚೇರಿಯಿಂದಲೇ ಹಾಕಿಸಿ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಸಣ್ಣ ಉದ್ಯಮಿ
ತೂಬಿನಕೆರೆ ಕೈಗಾರಿಕಾ ಪ್ರದೇಶ, ಮಂಡ್ಯ ಜಿಲ್ಲೆ